ಗ್ಯಾಸಿನ ಪಿಕಪ್ಪಿಗೆ ಎಷ್ಟು ಜೋರು ಬೇಕು?

ಕಾರಹುಣ್ಣಿವೆಯ ದಿವಸ ಕರಿ ಹರಿಯಲು ಓಡಿಸುವ ಎತ್ತು ಬೇರೆ, ಮರುದಿವಸ ಕೂರಿಗೆಗೆ ಹೂಡುವ ಎತ್ತು ಬೇರೆ. ಈ ಮಾತನ್ನು ಗಡಹಿಂಗ್ಲಜ, ಕಾಗಲ, ಶಿರೋಳ ಕಡೆಯ ನಮ್ಮ ಒಕ್ಕಲುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಓಟದ ಎತ್ತಿಗೆ ಅರ್ಧ ಗಳಿಗೆಯ ಹುರುಪು ಸಾಕು. ಹೊಲದ ಎತ್ತಿಗೆ ಹೊತ್ತು ಮುಳುಗುವ ತನಕ ಒಂದೇ ಹದದ ನಡಿಗೆ ಬೇಕು. ಓಟದ ಎತ್ತನ್ನು ಕಬ್ಬಿನ ಗಾಡಿಗೆ ಕಟ್ಟಿ, ಏರಿನಲ್ಲಿ ಅದು ನಿಂತಿತೆಂದು ಬಾರಕೋಲು ಎತ್ತುವವನನ್ನು ಊರ ಹಿರಿಯರು ಶಾಣ್ಯಾ ಎಂದು ಕರೆಯಲಾರರು. ಎತ್ತಿನ ವಿಷಯದಲ್ಲಿ ಇಷ್ಟು ತಿಳಿದ ನಾವು ಇಂಜಿನ್ನಿನ ವಿಷಯ ಬಂದಾಗ ಮಾತ್ರ ಆ ತಿಳುವಳಿಕೆಯನ್ನು ಮನೆಯ ಗೂಟಕ್ಕೆ ತೂಗಹಾಕಿ ಪೇಟೆಗೆ ಹೊರಡುತ್ತಿದ್ದೇವೆ. ಈ ಬರಹಕ್ಕೆ ಅದೇ ಕಾರಣ.

ಈಗ ನಮ್ಮ ಊರುಗಳಲ್ಲಿ ಚಕ್ಕಡಿಯ ಕೆಲಸವನ್ನು ಬಹುಮಟ್ಟಿಗೆ ಪಿಕಪ್ಪುಗಳೇ ಮಾಡುತ್ತಿವೆ. ಬೆಳಗಿನ ಹಾಲಿನ ಕ್ಯಾನು, ಕೊಲ್ಹಾಪುರದ ಶಾಹೂ ಮಾರ್ಕೆಟ್ ಯಾರ್ಡಿಗೆ ಹೋಗುವ ಬೆಲ್ಲ ಮತ್ತು ಕಾಯಿಪಲ್ಲೆ, ಗಡಹಿಂಗ್ಲಜ ಪೇಟೆಯ ಮೆಣಸಿನಕಾಯಿ ಮತ್ತು ಶೇಂಗಾ, ಇಚಲಕರಂಜಿಯ ಮಗ್ಗಗಳ ನೂಲಿನ ಚೀಲ, ಎಲ್ಲವೂ ಇದೇ ಗಾಡಿಯ ಮೇಲೆ. ಡೀಜೆಲ್ಲಿನ ದರ ಏರಿದ ಮೇಲೆ ಸಿಎನ್‌ಜಿ ಎಂಬ ಗ್ಯಾಸಿನಿಂದ ನಡೆಯುವ ಗಾಡಿಗಳು ಹೆಚ್ಚಿದವು. 2022ರಲ್ಲಿ ಟಾಟಾ ಕಂಪನಿಯು ಒಂದು ಟನ್ನು ಹೊರುವ, ಗ್ಯಾಸು ಮತ್ತು ಪೆಟ್ರೋಲು ಎರಡರಿಂದಲೂ ನಡೆಯುವ ಇಂಟ್ರಾ ಪಿಕಪ್ಪನ್ನು ಪೇಟೆಗೆ ತಂದಿತು. ಅಂಥವೇ ಬೇರೆ ಕಂಪನಿಗಳ ಗಾಡಿಗಳೂ ಇವೆ. ಇವುಗಳ ಬೆನ್ನ ಹಿಂದೆಯೇ ಇನ್ನೊಂದು ವ್ಯಾಪಾರ ಬಂದಿದೆ. ಅಂಗೈ ಅಗಲದ ಒಂದು ಪೆಟ್ಟಿಗೆಯನ್ನು ಸ್ಟಿಯರಿಂಗಿನ ಕೆಳಗಿನ ತೂತಿಗೆ ಜೋಡಿಸಿ, ಇಂಜಿನ್ನಿನ ಕಂಪ್ಯೂಟರಿನಲ್ಲಿರುವ ಲೆಕ್ಕವನ್ನು ತಿದ್ದಿ, "ಗಾಡಿಗೆ ಜೋರು ಕೂಡಿಸಿಕೊಡುತ್ತೇವೆ" ಎನ್ನುವ ವ್ಯಾಪಾರ. ಇದಕ್ಕೆ ಟ್ಯೂನಿಂಗ್ ಎಂದೂ ರಿಮ್ಯಾಪ್ ಎಂದೂ ಹೆಸರು.

ನನ್ನ ಅಣ್ಣನ ಮಗ ಹೀಗೆ ಜೋರು ಕೂಡಿಸಿಕೊಂಡವರಲ್ಲಿ ಒಬ್ಬ. ಪತಸಂಸ್ಥೆಯ ಸಾಲದಿಂದ ಗ್ಯಾಸಿನ ಪಿಕಪ್ಪು ಕೊಂಡ. ಇಲ್ಲಿಂದ ಕಾಯಿಪಲ್ಲೆ ಹೇರಿಕೊಂಡು ಆಂಬೋಲಿ ಘಾಟ ಇಳಿದು ಸಾವಂತವಾಡಿಗೆ ಹೋಗುವದು, ಬರುವಾಗ ತೆಂಗಿನಕಾಯಿ ಹೇರಿಕೊಂಡು ಅದೇ ಘಾಟ ಹತ್ತುವದು ಅವನ ದಂಧೆ. ಒಂದು ದಿವಸ ಬಂದು, "ಕಾಕಾ, ಏರಿಗೆ ಗಾಡಿ ಜಗ್ಗವಲ್ದು ನೋಡ್ರಿ" ಎಂದ. "ಎಷ್ಟು ಹೇರತಿಯೋ ತಮ್ಮಾ?" ಎಂದು ಕೇಳಿದೆ. ನಕ್ಕು ಸುಮ್ಮನಾದ. ಮುಂದಿನ ವಾರ ಪೇಟೆಯ ಒಂದು ಅಂಗಡಿಯಲ್ಲಿ ಮೂರನೆಯ ಮಟ್ಟದ ಜೋರು ಹಾಕಿಸಿಕೊಂಡು ಬಂದ. ಮೊದಲನೆಯ ತಿಂಗಳು ಅವನ ಮುಖದಲ್ಲಿ ಹಬ್ಬದ ಕಳೆ. ಎರಡನೆಯ ತಿಂಗಳು ಪೆಟ್ರೋಲಿನ ಮೇಲೆ ಓಡಿಸುವಾಗ ಇಂಜಿನ್ನಿನಲ್ಲಿ ಕಟಕಟ ಸದ್ದು. ಮೂರನೆಯ ತಿಂಗಳು ಮುಂದಿನ ಫಲಕದಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿತು. ಅಂಗಡಿಯವನು ರೋಗವನ್ನು ನೋಡಲಿಲ್ಲ, ದೀಪ ಹತ್ತದಂತೆ ಮಾಡಿ ಕಳಿಸಿದ. ಬೇಸಿಗೆಯಲ್ಲಿ ಘಾಟಿನ ನಡುವೆ ಗಾಡಿ ನಿಂತಿತು. ಹೆಡ್ಡು ಬಿಚ್ಚಿ ನೋಡಿದರೆ ಹೊಗೆ ಹೊರಬಿಡುವ ವಾಲ್ವುಗಳೂ ಅವು ಕೂಡುವ ಸೀಟುಗಳೂ ಸುಟ್ಟಿದ್ದವು. ಕಂಪನಿಯ ಕಾರ್ಯಶಾಲೆಯವರು ಕಂಪ್ಯೂಟರಿನ ದಾಖಲೆಯನ್ನು ಓದಿ, ಲೆಕ್ಕ ತಿದ್ದಿದ ಗಾಡಿಗೆ ವಾರಂಟಿ ಇಲ್ಲವೆಂದರು. ರಿಪೇರಿಯ ಖರ್ಚು ಒಂದು ಕಡೆ, ಗಾಡಿ ನಿಂತ ದಿವಸಗಳ ಬಾಡಿಗೆ ಇನ್ನೊಂದು ಕಡೆ, ತಪ್ಪದೆ ಬರುವ ಸಾಲದ ಹಪ್ತೆ ಮತ್ತೊಂದು ಕಡೆ. ಅವನು ಆ ವರ್ಷ ಕಬ್ಬಿನ ಬಿಲ್ಲನ್ನು ಗಾಡಿಗೆ ಸುರಿದ.

ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಯಾತಕ್ಕೆಂದರೆ ನಡೆದದ್ದು ಹೀಗೆ: ಅಂಗಡಿಯವನು ಮರಾಠಿಯಲ್ಲಿ ವಿವರಿಸಿದ, ಪೆಟ್ಟಿಗೆಯು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿತು, ನಮ್ಮ ಹುಡುಗ ಕನ್ನಡದಲ್ಲಿ "ಹೂಂ" ಅಂದ. ಯಾವುದಕ್ಕೆ ಹೂಂ ಅಂದೆನೆಂಬುದು ಅವನಿಗೇ ತಿಳಿದಿರಲಿಲ್ಲ. ಓದದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ ನಮ್ಮ ಅಜ್ಜಂದಿರಿಗೂ ಇವನಿಗೂ ಏನು ವ್ಯತ್ಯಾಸ? ಆದ್ದರಿಂದ ಆ ಪೆಟ್ಟಿಗೆ ಏನು ಕೇಳುತ್ತದೆ, ನಾವು ಏನು ಉತ್ತರ ಕೊಡಬೇಕು ಎಂಬುದನ್ನು ನಮ್ಮ ಮಾತಿನಲ್ಲಿ ಒಮ್ಮೆ ತಿಳಿದುಕೊಳ್ಳೋಣ.

ಗ್ಯಾಸು ಏಕೆ ಮೆತ್ತಗೆ?

ಮೊದಲು ನ್ಯಾಯದ ಮಾತು. ಗ್ಯಾಸಿನ ಮೇಲೆ ಗಾಡಿ ಮೆತ್ತಗಾಗುತ್ತದೆಂಬುದು ಸುಳ್ಳಲ್ಲ. ಇಂಜಿನ್ನು ಒಂದು ಉಸಿರಿಗೆ ಎಳೆದುಕೊಳ್ಳುವ ಜಾಗ ಇಷ್ಟೇ ಎಂದು ಗೊತ್ತಾಗಿದೆ. ಪೆಟ್ರೋಲು ಹನಿಯಾಗಿ ಬರುವದರಿಂದ ಆ ಜಾಗದಲ್ಲಿ ಅದು ಹಿಡಿಯುವ ಪಾಲು ನೂರಕ್ಕೆ ಎರಡೂ ಇಲ್ಲ. ಸಿಎನ್‌ಜಿಯ ಮುಖ್ಯ ಭಾಗವಾದ ಮೀಥೇನು ಹಗುರವಾದ ವಾಯು. ಸರಿಯಾದ ಉರಿಗೆ ಬೇಕಾದ ಮಿಶ್ರಣದಲ್ಲಿ ಅದೊಂದೇ ನೂರಕ್ಕೆ ಒಂಬತ್ತೂವರೆ ಪಾಲು ಜಾಗ ಹಿಡಿಯುತ್ತದೆ. ಅಷ್ಟು ಗಾಳಿ ಒಳಗೆ ಕಡಿಮೆಯಾಯಿತು. ಗಾಳಿ ಕಡಿಮೆಯಾದರೆ ಉರಿ ಕಡಿಮೆ, ಉರಿ ಕಡಿಮೆಯಾದರೆ ಬಲ ಕಡಿಮೆ. ಇದು ಬರೀ ಪುಸ್ತಕದ ಮಾತಲ್ಲ. 2023ರಲ್ಲಿ ಬಂದ ಮಾರುತಿ ಸೂಪರ್ ಕ್ಯಾರಿ ಎಂಬ ಸಣ್ಣ ಗಾಡಿಯ ಟಾರ್ಕು, ಅಂದರೆ ಚಕ್ರವನ್ನು ತಿರುವುವ ಬಲ, ಪೆಟ್ರೋಲಿನ ಮಾದರಿಯಲ್ಲಿ 104.4 ನ್ಯೂಟನ್ ಮೀಟರ, ಗ್ಯಾಸಿನ ಮಾದರಿಯಲ್ಲಿ 95. ಹೆಚ್ಚು ಕಡಿಮೆ ಅದೇ ಹತ್ತರಲ್ಲೊಂದು ಪಾಲು ಇಳಿಯಿತಲ್ಲವೆ?

ಇದಕ್ಕೆ ನಮ್ಮ ಭೂಮಿಯ ಎತ್ತರವನ್ನೂ ಕೂಡಿಸಿರಿ. ಕೊಲ್ಹಾಪುರವು ಸಮುದ್ರದಿಂದ ಸುಮಾರು 570 ಮೀಟರ ಮೇಲಿದೆ, ಆಂಬೋಲಿ ಅದಕ್ಕಿಂತಲೂ ಮೇಲೆ. ಮೇಲೇರಿದಷ್ಟು ಗಾಳಿ ತೆಳ್ಳಗಾಗುತ್ತದೆ. ಕೊಂಕಣದ ಕೆಳಗೆ ಇದ್ದ ಬಲ ಘಾಟಿನ ಮೇಲೆ ಪೂರ್ತಿಯಾಗಿ ಸಿಗಲಾರದು. ಇದನ್ನು ಯಾವ ಪೆಟ್ಟಿಗೆಯೂ ಬದಲಿಸಲಾರದು, ಯಾತಕ್ಕೆಂದರೆ ಟರ್ಬೋ ಇಲ್ಲದ ಇಂಜಿನ್ನಿಗೆ ಹೊರಗಿನ ಗಾಳಿಯೇ ಮೇವು.

ಗ್ಯಾಸಿಗೆ ಒಂದು ಒಳ್ಳೆಯ ಗುಣವೂ ಇದೆ. ಅದು ಒತ್ತಡವನ್ನು ತಾಳಿಕೊಂಡು ಹೊತ್ತಿಗೆ ಮೊದಲೇ ಸಿಡಿಯದೆ ಇರುತ್ತದೆ. ಈ ತಾಳಿಕೆಗೆ ಆಕ್ಟೇನ್ ಎಂದು ಹೆಸರು. ಪೆಟ್ರೋಲಿನ ಆಕ್ಟೇನು ತೊಂಬತ್ತರ ಮೇಲೆ ಇದ್ದರೆ ಗ್ಯಾಸಿನದು ನೂರಾ ಇಪ್ಪತ್ತರ ಸುತ್ತ. ಆದರೆ ಗ್ಯಾಸಿನ ಉರಿ ಹರಡುವದು ನಿಧಾನ. ಹಸಿ ಕಟ್ಟಿಗೆಯ ಒಲೆಯನ್ನು ಸ್ವಲ್ಪ ಮೊದಲೇ ಹೊತ್ತಿಸಿದಂತೆ, ಗ್ಯಾಸಿನ ಇಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯನ್ನು ಪೆಟ್ರೋಲಿಗಿಂತ ಕೆಲವು ಡಿಗ್ರಿ ಮೊದಲೇ ಹಾರಿಸಬೇಕಾಗುತ್ತದೆ. ಟ್ಯೂನಿಂಗಿನಿಂದ ಗ್ಯಾಸಿನ ಗಾಡಿಗೆ ನಿಜವಾಗಿ ಲಾಭವಾಗುವ ಜಾಗ ಇದೊಂದೇ ಎನ್ನಬಹುದು.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ನೆನಪಿಡಬೇಕು. ಪೆಟ್ರೋಲು ಗಾಡಿಗೆ ಹೊರಗೆ ಗ್ಯಾಸ್ ಕಿಟ್ಟು ಹಾಕಿಸಿದ್ದರೆ ಅದರ ಕಂಪ್ಯೂಟರಿಗೆ ಪೆಟ್ರೋಲಿನ ಲೆಕ್ಕ ಮಾತ್ರ ಗೊತ್ತು. ಅಂಥ ಗಾಡಿಗೆ ಮಾನ್ಯತೆ ಪಡೆದ ಕಿಟ್ಟಿನವರಿಂದ ಗ್ಯಾಸಿನ ಸಮಯವನ್ನು ಸರಿಪಡಿಸಿಕೊಂಡರೆ ಫಲ ಕಾಣಬಹುದು. ಕಂಪನಿಯಿಂದಲೇ ಗ್ಯಾಸಿನದಾಗಿ ಬಂದ ಗಾಡಿಯಲ್ಲಿ ಹಾಗಲ್ಲ. ಪೆಟ್ರೋಲಿಗೊಂದು, ಗ್ಯಾಸಿಗೊಂದು ಲೆಕ್ಕವನ್ನು ಅವರು ಮೊದಲೇ ಬರೆದಿಟ್ಟಿರುತ್ತಾರೆ. ಉಣ್ಣಲು ಬಡಿಸಿದ ಎಲೆಗೆ ಮತ್ತೆ ಬಡಿಸಲು ಎಷ್ಟು ಜಾಗ ಉಳಿದೀತು? ಟರ್ಬೋ ಇಲ್ಲದ ಇಂಥ ಇಂಜಿನ್ನಿಗೆ ಪೆಟ್ಟಿಗೆಯಿಂದ ಸಿಗುವದು ಬಹಳವಾದರೆ ಹತ್ತರಲ್ಲಿ ಒಂದು ಪಾಲಿನ ಒಳಗೆ. ಅಂಗಡಿಯವನು ಮೂವತ್ತು, ನಲವತ್ತು ಎಂದು ಹೇಳಿದರೆ ಅವನು ಟರ್ಬೋ ಇರುವ ಡೀಜೆಲ್ ಗಾಡಿಯ ಮಾತನ್ನು ನಿಮ್ಮ ಗಾಡಿಗೆ ಹೇಳುತ್ತಿದ್ದಾನೆಂದು ತಿಳಿಯಿರಿ.

ಕಾಟೆಯ ಲೆಕ್ಕ

ಇನ್ನು ನಮ್ಮ ಕಡೆಯ ಲೆಕ್ಕವನ್ನೂ ನೋಡೋಣ. ಗಾಡಿ ಮತ್ತು ಅದು ಹೊರಬಹುದಾದ ಮಾಲು ಕೂಡಿ ಎರಡು ಟನ್ನು ಎಂದು ಇಟ್ಟುಕೊಳ್ಳಿರಿ. ಅದರ ಮೇಲೆ ನಾವು ಐದು ಕ್ವಿಂಟಲು ಹೆಚ್ಚಿಗೆ ಹೇರಿದೆವು. ಈಗ ಒಟ್ಟು ಎರಡೂವರೆ ಟನ್ನು. ಏರನ್ನು ಹತ್ತಲು ಬೇಕಾದ ಎಳೆತವು ಭಾರದ ಮೇರೆಗೆ ಬೆಳೆಯುತ್ತದೆ. ಅಂದರೆ ರೂಪಾಯಿಗೆ ನಾಲ್ಕಾಣೆ ಹೆಚ್ಚು ಎಳೆತ ಬೇಕಾಯಿತು. ಪೆಟ್ಟಿಗೆ ಕೊಟ್ಟದ್ದು ಹೆಚ್ಚೆಂದರೆ ಒಂದೂವರೆ ಆಣೆ. ಉಳಿದ ಎರಡೂವರೆ ಆಣೆಯನ್ನು ಯಾರು ತೆರಬೇಕು? ಕ್ಲಚ್ಚು ತೆರುತ್ತದೆ, ಗೇರು ತೆರುತ್ತದೆ, ವಾಲ್ವು ತೆರುತ್ತದೆ. ಕೊನೆಗೆ ನಿಮ್ಮ ಜೇಬೂ ತೆರುತ್ತದೆ.

ಇಳಿಜಾರಿನ ಮಾತು ಇನ್ನೂ ಗಂಭೀರವಾದದ್ದು. ಪೆಟ್ಟಿಗೆಯು ಇಂಜಿನ್ನಿಗೆ ಜೋರು ಕೊಟ್ಟೀತು, ಬ್ರೇಕಿಗೆ ಕೊಡಲಾರದು. ಹತ್ತುವಾಗ ಸಾಗಿದ ಭಾರವೇ ಇಳಿಯುವಾಗ ಬೆನ್ನ ಮೇಲೆ ಕೂಡುತ್ತದೆ. ನಿಪ್ಪಾಣಿಯ ಹತ್ತಿರ ಹೆದ್ದಾರಿಯ ಸ್ತವನಿಧಿ ಘಾಟಿನಲ್ಲಿ, ಆಂಬೋಲಿಯ ತಿರುವುಗಳಲ್ಲಿ ಗಾಡಿ ಓಡಿಸಿದವರಿಗೆ ಕಾಯ್ದ ಬ್ರೇಕಿನ ವಾಸನೆ ಗೊತ್ತಿದೆ. ಏರಿನಲ್ಲಿ ಗಾಡಿ ಜಗ್ಗದೆ ನಿಂತಾಗ ಅದು ನಮ್ಮ ಮಾನ ಕಳೆಯುತ್ತದೆಂದು ಹುಡುಗರು ತಿಳಿಯುತ್ತಾರೆ. ನನಗೆ ತೋರುವದು ಬೇರೆ. ಇಷ್ಟು ಭಾರವನ್ನು ನಾನು ಕೆಳಗೆ ಹಿಡಿಯಲಾರೆನೆಂದು ಅದು ಮೊದಲೇ ಹೇಳುತ್ತಿರುತ್ತದೆ. ಆ ಮಾತನ್ನು ಕೇಳಿಸದಂತೆ ಮಾಡಿಕೊಳ್ಳಲು ಹಣ ಕೊಡುವದು ಎಂಥ ಜಾಣತನ?

ನಮ್ಮ ಸೀಮೆಯು ಕಬ್ಬಿಣವನ್ನು ಅರಿಯದ ಸೀಮೆಯಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕಾರಖಾನೆ ಹೂಡಿ ಒಕ್ಕಲುಮಕ್ಕಳಿಗೆ ಕಬ್ಬಿಣದ ನೇಗಿಲು ಕೊಟ್ಟರು. ಇಂದು ಕಾಗಲದಲ್ಲಿ ಕಿರ್ಲೋಸ್ಕರ ಆಯಿಲ್ ಇಂಜಿನ್ಸಿನ ಕಾರಖಾನೆಯಿದೆ. ಶಿರೋಲಿ, ಗೋಕುಳ ಶಿರಗಾವಗಳ ಎರಕದ ಕಾರಖಾನೆಗಳಲ್ಲಿ ನಮ್ಮ ಮನೆಗಳ ಹುಡುಗರು ದುಡಿಯುತ್ತಾರೆ. ಅವರನ್ನೇ ಕೇಳಿರಿ. ಪಿಸ್ಟನ್ನು ಅಲ್ಯುಮಿನಿಯಮ್ಮಿನ ಮಿಶ್ರಲೋಹದ್ದು. ಶುದ್ಧ ಅಲ್ಯುಮಿನಿಯಮ್ಮು 660 ಡಿಗ್ರಿಗೆ ಕರಗುತ್ತದೆ. ಇಂಜಿನ್ನಿನ ಒಳಗಿನ ಉರಿಯಾದರೋ ಎರಡು ಸಾವಿರ ಡಿಗ್ರಿಯ ಮೇಲೆ. ಆದರೂ ಪಿಸ್ಟನ್ನು ಕರಗುವದಿಲ್ಲ, ಯಾತಕ್ಕೆಂದರೆ ಬಂದ ಕಾವನ್ನು ಎಣ್ಣೆ, ನೀರು ಮತ್ತು ಸಿಲಿಂಡರಿನ ಗೋಡೆಗಳು ಕ್ಷಣಕ್ಷಣಕ್ಕೆ ಒಯ್ಯುತ್ತಿರುತ್ತವೆ. ಕಾವು ಬರುವ ವೇಗ ಒಯ್ಯುವ ವೇಗವನ್ನು ಮೀರಿತೆಂದರೆ ಲೋಹ ಸೋಲುತ್ತದೆ. ಗ್ಯಾಸಿನ ಗಾಡಿಯಲ್ಲಿ ಮೊದಲು ಸೋಲುವವು ಬಹುಶಃ ವಾಲ್ವಿನ ಸೀಟುಗಳು. ಗ್ಯಾಸು ಒಣ ಇಂಧನ. ಪೆಟ್ರೋಲಿನ ಹನಿ ಆವಿಯಾಗುವಾಗ ಕೊಡುವ ತಂಪು ಅದರಲ್ಲಿಲ್ಲ.

ಹಳಬರಿಗೆ ಇನ್ನೊಂದು ನೆನಪಿರಬಹುದು. ಬಾವಿಯ ಮೇಲಿನ ಎಣ್ಣೆ ಇಂಜಿನ್ನಿಗೆ ವೇಗ ಹಿಡಿಯುವ ಗವರ್ನರ್ ಇರುತ್ತಿತ್ತು. ನೀರು ಹೆಚ್ಚು ಬರಲೆಂದು ಕೆಲವರು ಅದಕ್ಕೆ ತಂತಿ ಬಿಗಿಯುತ್ತಿದ್ದರು. ಎರಡು ದಿನ ನೀರು ಹೆಚ್ಚು ಬಂದದ್ದು ನಿಜ. ಮೂರನೆಯ ವಾರ ಬೇರಿಂಗು ಹೋಗಿ, ಬೆಳೆಗೆ ನೀರು ಬೇಕಾದ ಹೊತ್ತಿನಲ್ಲಿಯೇ ಇಂಜಿನ್ನು ಪೇಟೆಯ ದಾರಿ ಹಿಡಿಯುತ್ತಿತ್ತು. ಈಗಿನ ಪೆಟ್ಟಿಗೆಯೂ ಆ ತಂತಿಯ ಮೊಮ್ಮಗನೇ.

ಪೆಟ್ಟಿಗೆಯ ಪ್ರಶ್ನೆಗಳಿಗೆ ಉತ್ತರ

ಇಷ್ಟೆಲ್ಲ ಹೇಳಿದ ಮೇಲೂ ಪೆಟ್ಟಿಗೆಯನ್ನು ಮುಟ್ಟಲೇಬಾರದೆಂದು ನಾನು ಹೇಳಲಾರೆ. ಮುಟ್ಟುವವನು ತಿಳಿದು ಮುಟ್ಟಲಿ ಎಂಬುದಷ್ಟೇ ನನ್ನ ಬಿನ್ನಹ.

ಮೊದಲನೆಯದು, ಮೂಲಪ್ರತಿ. ಕಂಪನಿಯವರು ಬರೆದ ಲೆಕ್ಕವನ್ನು ಪೂರ್ತಿಯಾಗಿ ಉಳಿಸಿ, ಅದರ ಒಂದು ಪ್ರತಿಯನ್ನು ನಿಮ್ಮ ಕೈಗೆ ಕೊಡದ ಹೊರತು ಯಾರಿಗೂ ಗಾಡಿಯನ್ನು ಒಪ್ಪಿಸಬೇಡಿರಿ. ಹೊಲದ ಸಾತಬಾರಾ ಉತಾರೆಯನ್ನು ಯಾರಾದರೂ ತಿದ್ದಲು ಬಂದರೆ ಮೂಲ ಎಲ್ಲಿದೆಯೆಂದು ನಾವು ಕೇಳುವದಿಲ್ಲವೆ? ಇದೂ ಅಂಥದೇ ಕಾಗದ.

ಎರಡನೆಯದು, ಇಂಧನದ ಪ್ರಶ್ನೆ. ಅಮೇರಿಕದವರ ಪಿಕಪ್ಪುಗಳು ಹೆಚ್ಚಾಗಿ ಪೆಟ್ರೋಲಿನವು. ಅವರ ಪೆಟ್ಟಿಗೆಗಳು 87, 91, 93 ಎಂಬ ಅಂಕಿಗಳನ್ನು ತೋರಿಸಿ ಯಾವುದು ಬೇಕೆಂದು ಕೇಳುತ್ತವೆ. ಅಂಥ ಪೆಟ್ಟಿಗೆಗಳು ಇಲ್ಲಿಗೂ ಬರುತ್ತವೆ. ಇಲ್ಲಿ ಒಂದು ಮೋಸದ ಗುಂಡಿ ಇದೆ. ಅವರು ಆಕ್ಟೇನು ಎಣಿಸುವ ರೀತಿ ಬೇರೆ, ನಾವು ಎಣಿಸುವ ರೀತಿ ಬೇರೆ. ಅವರ 87 ಎಂಬುದು ನಮ್ಮ ಎಣಿಕೆಯ ಸುಮಾರು 91. ಅವರ 91 ನಮ್ಮ ಸುಮಾರು 95 ಅಥವಾ 96. ನಮ್ಮ ಪೆಟ್ರೋಲು 91ರದು ಎಂದು ಎಲ್ಲಿಯೋ ಕೇಳಿ ಅವರ 91ನ್ನು ಒತ್ತಿದವನು ಇಂಜಿನ್ನಿಗೆ ಇಲ್ಲದ ತಾಳಿಕೆಯನ್ನು ಇದೆಯೆಂದು ಹೇಳಿದಂತಾಯಿತು. ಕಟಕಟ ಸದ್ದು ಹುಟ್ಟುವದೇ ಹೀಗೆ. ಸಂಶಯ ಬಂದಲ್ಲಿ ಎಲ್ಲಕ್ಕಿಂತ ಕೆಳಗಿನ ಅಂಕಿಯನ್ನೇ ಆರಿಸಿರಿ.

ಇದಕ್ಕೆ ನಮ್ಮ ಕಬ್ಬಿನ ಸಂಬಂಧವೂ ಇದೆ. 2025ರಿಂದ ದೇಶದ ತುಂಬ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರ ವರೆಗೆ ಎಥೆನಾಲು ಬೆರೆತಿರುತ್ತದೆ. ಅದರಲ್ಲಿ ಒಂದು ಪಾಲು ನಮ್ಮ ಸಕ್ಕರೆ ಕಾರಖಾನೆಗಳಿಂದಲೇ ಹೋಗುವಂಥದು. ಎಥೆನಾಲಿನ ತಾಳಿಕೆ ಹೆಚ್ಚು, ಆದರೆ ಒಂದು ಲೀಟರಿನಲ್ಲಿರುವ ಕಸುವು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಅದು ಉರಿಯಲು ಬೇಕಾದ ಗಾಳಿಯ ಪ್ರಮಾಣವೂ ಬೇರೆ. ಎಲ್ಲಿಯೋ ಬೇರೆ ಪೆಟ್ರೋಲಿಗಾಗಿ ಬರೆದ ಲೆಕ್ಕವನ್ನು ಇಲ್ಲಿ ತುಂಬಿದರೆ ಹೊಂದಲಾರದು. ಎರಡೂ ಇಂಧನದ ಗಾಡಿಯಲ್ಲಿ ಗ್ಯಾಸಿನ ಲೆಕ್ಕವನ್ನು ಮಾತ್ರ ತಿದ್ದಬೇಕು, ಪೆಟ್ರೋಲಿನದನ್ನು ಹಾಗೆಯೇ ಬಿಡಬೇಕು. ಕಿಡಿಯ ಸಮಯವನ್ನು ಗ್ಯಾಸಿಗಾಗಿ ಮುಂದೆ ತಂದು, ಗ್ಯಾಸು ತೀರಿದ ಮೇಲೆ ಅದೇ ಸಮಯದ ಮೇಲೆ ಪೆಟ್ರೋಲನ್ನು ಓಡಿಸಿದರೆ ಏನಾಗುವದೆಂಬುದನ್ನು ಅಣ್ಣನ ಮಗನ ಗಾಡಿ ನನಗೆ ತೋರಿಸಿದೆ.

ಮೂರನೆಯದು, ಕೆಲಸದ ಪ್ರಶ್ನೆ. ಮಿತವ್ಯಯ, ಭಾರ, ವೇಗ ಎಂಬ ಅರ್ಥದ ಮೂರು ಆಯ್ಕೆಗಳು ಸಾಮಾನ್ಯವಾಗಿ ಇರುತ್ತವೆ. ಮಾಲು ಹೇರುವ ಗಾಡಿಗೆ ಭಾರದ ಆಯ್ಕೆಯೇ ಸರಿಯಾದದ್ದು. ಅದು ಕೆಳಗಿನ ಸುತ್ತುಗಳಲ್ಲಿ ಎಳೆತವನ್ನು ನೋಡಿಕೊಳ್ಳುತ್ತದೆ, ಕಿಡಿಯ ಸಮಯದಲ್ಲಿ ಎಚ್ಚರಿಕೆಯಿಂದಿರುತ್ತದೆ. ವೇಗದ ಆಯ್ಕೆಯ ಬಲವೆಲ್ಲ ಇಂಜಿನ್ನು ಕಿರಿಚುವ ಮೇಲಿನ ಸುತ್ತುಗಳಲ್ಲಿ. ಭಾರ ಹೊತ್ತು ಘಾಟ ಹತ್ತುವವನಿಗೆ ಅದರಿಂದ ಪ್ರಯೋಜನವಿಲ್ಲ. ಮಿತವ್ಯಯದ ಹೆಸರಿನಲ್ಲಿ ಗ್ಯಾಸನ್ನು ತೀರ ಕಡಿಮೆ ಮಾಡಿ ಗಾಳಿಯನ್ನು ಹೆಚ್ಚಿಸುವ ಆಯ್ಕೆಯೂ ಭಾರದ ಗಾಡಿಗೆ ಒಳ್ಳೆಯದಲ್ಲ. ಉರಿ ನಿಧಾನವಾಗಿ, ವಾಲ್ವು ತೆರೆದರೂ ಅದು ಮುಗಿಯದೆ ವಾಲ್ವನ್ನೇ ಸುಡುತ್ತದೆ.

ನಾಲ್ಕನೆಯದು, ಮಟ್ಟದ ಪ್ರಶ್ನೆ. ಒಂದು, ಎರಡು, ಮೂರು ಎಂದು ಮೆಟ್ಟಿಲುಗಳಿದ್ದರೆ ಮೊದಲನೆಯದರಲ್ಲಿಯೇ ನಿಲ್ಲಿರಿ. ಮೇಲಿನ ಮೆಟ್ಟಿಲುಗಳು ಗಾಳಿಯ ದಾರಿ, ಹೊಗೆಯ ಕೊಳವೆ ಮೊದಲಾದ ಬಿಡಿಭಾಗಗಳನ್ನು ಬದಲಿಸಿದ ಗಾಡಿಗಳಿಗಾಗಿ ಇರತಕ್ಕವು. ಹಾಗೆಯೇ ಇದ್ದ ಗಾಡಿಗೆ ಅವನ್ನು ಹಾಕುವದು ಕರುವಿಗೆ ಎತ್ತಿನ ನೊಗ ಹಾಕಿದಂತೆ.

ಐದನೆಯದು, ಮುಟ್ಟಲೇಬಾರದ ಸಂಗತಿಗಳು. ಸಾಗಣೆಯ ಪಿಕಪ್ಪಿಗೆ ಗಂಟೆಗೆ 80 ಕಿಲೋಮೀಟರಿನ ವೇಗಮಿತಿಯನ್ನು ಕಂಪ್ಯೂಟರಿನಲ್ಲಿಟ್ಟದ್ದು ನಿಯಮದ ಮೇರೆಗೆ. ಅದನ್ನು ತೆಗೆಸಬೇಡಿರಿ. ಹಳದಿ ದೀಪವನ್ನು ಕುರುಡು ಮಾಡಿಸಬೇಡಿರಿ. ಹೊಗೆಯ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರನ್ನು ಸುಳ್ಳು ಹೇಳುವಂತೆ ಮಾಡಿಸಬೇಡಿರಿ. ಗ್ಯಾಸಿನ ಒತ್ತಡವನ್ನು ಇಳಿಸುವ ರೆಗ್ಯುಲೇಟರನ್ನು ಜೋರಿಗಾಗಿ ತಿರುವಲು ಯಾರಿಗೂ ಬಿಡಬೇಡಿರಿ. ಸಿಲಿಂಡರಿನಲ್ಲಿ ಗ್ಯಾಸು ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ, ಅಂದರೆ ಹೊರಗಿನ ಗಾಳಿಯ ಒತ್ತಡದ ಇನ್ನೂರು ಪಟ್ಟು. ಇಂಥದರ ಸಂಗಡ ಚೇಷ್ಟೆ ಸಲ್ಲದು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕೆಂಬ ನಿಯಮವನ್ನು ತಪ್ಪದೆ ಪಾಲಿಸಿರಿ.

ಕಾಯದೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೋಟಾರ ವಾಹನ ಕಾಯದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಅನುಮತಿಯಿಲ್ಲದೆ ಗಾಡಿಯನ್ನು ಮಾರ್ಪಡಿಸಿದ ಮಾಲಕನಿಗೆ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ವರೆಗೆ ಸೆರೆ, ಅಥವಾ ಎರಡೂ ಎಂದು ಅದರಲ್ಲಿದೆ. ಹೆಚ್ಚಿನ ಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿಯೊಂದು ಹೆಚ್ಚಿನ ಟನ್ನಿಗೆ 2,000. ನಾವು ಗಡಿಯ ಜನ. ಎಂಎಚ್ 09 ನಂಬರಿನ ಗಾಡಿಯನ್ನು ಬೆಳಿಗ್ಗೆ ಸಂಕೇಶ್ವರಕ್ಕೂ ಸಂಜೆ ಕೊಲ್ಹಾಪುರಕ್ಕೂ ಒಯ್ಯುವವರು. ಎರಡು ರಾಜ್ಯಗಳ ಅಧಿಕಾರಿಗಳಿಗೆ ಕೈಯೊಡ್ಡುವ ಪ್ರಸಂಗ ನಮಗೇ ಹೆಚ್ಚು. ಮೇಲಾಗಿ ಅಪಘಾತವಾದರೆ, ಮಾರ್ಪಡಿಸಿದ ಗಾಡಿಗೆ ವಿಮೆಯ ಹಣ ಕೊಡಲು ಕಂಪನಿಯವರು ತಕರಾರು ತೆಗೆಯಲು ದಾರಿಯಾಗುತ್ತದೆ.

ಪೆಟ್ಟಿಗೆಗಿಂತ ಮೊದಲು

ಗಾಡಿ ಜಗ್ಗುವದಿಲ್ಲವೆಂದು ತೋರಿದಾಗ ಮೊದಲು ಮಾಡತಕ್ಕ ಕೆಲಸಗಳು ಅಗ್ಗದವು. ಗಾಳಿಯ ಫಿಲ್ಟರ್ ಬಿಚ್ಚಿ ನೋಡಿರಿ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಧೂಳು ಅದನ್ನು ಬೇಗನೆ ಮುಚ್ಚುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಪುಸ್ತಕದಲ್ಲಿ ಹೇಳಿದ ಅಂತರಕ್ಕೆ ಬದಲಿಸಿರಿ. ಗ್ಯಾಸಿಗೆ ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು, ಸವೆದ ಪ್ಲಗ್ಗು ಪೆಟ್ರೋಲಿನಲ್ಲಿ ನಡೆದರೂ ಗ್ಯಾಸಿನಲ್ಲಿ ಕೈಕೊಡುತ್ತದೆ. ಗ್ಯಾಸಿನ ಫಿಲ್ಟರ್, ವಾಲ್ವಿನ ಸಂದು, ಕ್ಲಚ್ಚಿನ ಜಾರಿಕೆ, ಟಾಯರಿನ ಗಾಳಿ ಇವನ್ನು ನೋಡಿಸಿರಿ. ಮೆತ್ತಗಿನ ಟಾಯರು ಕೆಸರಿನಲ್ಲಿ ಗಾಡಿ ಎಳೆದಂತೆ ಬಲವನ್ನು ತಿನ್ನುತ್ತದೆ. ಏರು ಬರುವ ಮೊದಲೇ ಕೆಳಗಿನ ಗೇರಿಗೆ ಇಳಿಯುವದನ್ನು ಹುಡುಗರಿಗೆ ಕಲಿಸಿರಿ. ಗಾಡಿ ಗೊರಕೆ ಹೊಡೆಯಲು ಹತ್ತಿದ ಮೇಲೆ ಗೇರು ಇಳಿಸುವದು ಎತ್ತು ಮೊಣಕಾಲೂರಿದ ಮೇಲೆ ಚೀಲ ಇಳಿಸಿದಂತೆ.

ಆ ಮೇಲೆ ಒಂದು ವಹಿ ಇಡಿರಿ. ಒಂದೇ ದಾರಿ, ಒಂದೇ ಭಾರ, ಮೂರು ಸರದಿ. ಎಷ್ಟು ಕಿಲೋ ಗ್ಯಾಸು ತುಂಬಿಸಿದೆವು, ಎಷ್ಟು ಕಿಲೋಮೀಟರ ನಡೆಯಿತು, ಘಾಟನ್ನು ಯಾವ ಗೇರಿನಲ್ಲಿ ಹತ್ತಿತು ಎಂದು ಬರೆಯಿರಿ. ಭಾರವನ್ನು ಅಂದಾಜಿನಿಂದ ಹೇಳದೆ ಕಾಟೆಯ ಮೇಲೆ ತೂಗಿಸಿರಿ. ಟ್ಯೂನಿಂಗ್ ಮಾಡಿಸಿದರೆ ಮತ್ತೆ ಮೂರು ಸರದಿ ಅದೇ ಪ್ರಕಾರ ಬರೆಯಿರಿ. ವಹಿಯಲ್ಲಿ ವ್ಯತ್ಯಾಸ ಕಾಣದಿದ್ದರೆ ಮೂಲ ಲೆಕ್ಕಕ್ಕೆ ಮರಳಿ ಹೋಗಿರಿ. ಕಿವಿಗೆ ಜೋರಾಗಿ ಕೇಳಿದ್ದೆಲ್ಲ ಜೋರಲ್ಲ.

ಇಲ್ಲಿ ತರುಣರು ಒಂದು ಮಾತು ಕೇಳುತ್ತಾರೆ. "ಕಡಿಮೆ ಹೇರಿದರೆ ಬಾಡಿಗೆ ಗಿಟ್ಟಂಗಿಲ್ಲ. ನಾ ಹೇರದಿದ್ರ ಮಗ್ಗಲದಾಂವ ಹೇರತಾನು." ಈ ಮಾತಿನಲ್ಲಿ ಕಷ್ಟವಿದೆ, ಅದನ್ನು ನಾನು ಅಲ್ಲಗಳೆಯುವದಿಲ್ಲ. ಬಾಡಿಗೆಯ ದರವನ್ನು ಕಟ್ಟುವವನು ಅಡತಿಯ ಗದ್ದಿಗೆಯ ಮೇಲೆ ಕುಳಿತವನು. ಗಾಡಿಯ ಹಪ್ತೆಯನ್ನು ಕಟ್ಟುವವನು ಇವನು. ಆದರೆ ಆ ಕಷ್ಟಕ್ಕೆ ಔಷಧ ಇಂಜಿನ್ನಿನಲ್ಲಿ ಸಿಗಲಾರದು. ಒಂದು ಊರಿನ ನಾಲ್ಕು ಗಾಡಿಗಳವರು ಕೂಡಿ, ಇಷ್ಟು ಭಾರಕ್ಕೆ ಇಷ್ಟು ದರವೆಂದು ಗೊತ್ತು ಮಾಡಿ, ಒಬ್ಬನ ಮೇಲೆ ಒಬ್ಬ ಬೀಳದೆ ಸರದಿಯಿಂದ ಹೋದರೆ ಸಿಗಬಹುದು. ಹಾಲಿನ ಸಂಘವನ್ನು ಕಟ್ಟಿ ನಡೆಸಿಕೊಂಡು ಬಂದ ಊರುಗಳಿಗೆ ಇದು ಆಗದ ಕೆಲಸವೆ? ಅಷ್ಟೂ ಆಗದಿದ್ದರೆ ನಿತ್ಯವೂ ಒಂದೂವರೆ ಟನ್ನು ಹೊರಬೇಕಾದವನು ಒಂದೂವರೆ ಟನ್ನಿನ ಗಾಡಿಯನ್ನೇ ಕೊಳ್ಳಲಿ. ಸಣ್ಣ ಗಾಡಿಯನ್ನು ಕೊಂಡು, ಅದು ದೊಡ್ಡದೆಂದು ಕಂಪ್ಯೂಟರಿಗೆ ಸುಳ್ಳು ಹೇಳಿಸಿದರೆ ಗಾಡಿ ದೊಡ್ಡದಾಗಲಾರದು.

ಕೊನೆಗೆ ಭಾಷೆಯ ಮಾತು. ಗಾಡಿ ಕೊಳ್ಳುವಾಗ ಬಣ್ಣವನ್ನು ನಾಲ್ಕು ಸಲ ನೋಡುವ ನಾವು ಅದರ ಸಂಗಡ ಬಂದ ಪುಸ್ತಕವನ್ನು ಬಿಚ್ಚುವದಿಲ್ಲ. ಅದು ನಮಗೆ ತಿಳಿಯದ ಭಾಷೆಯಲ್ಲಿದೆಯೆಂಬುದು ನೆಪ. ಅದೇ ಗಾಡಿಗಳು ನಿಪ್ಪಾಣಿ, ಚಿಕ್ಕೋಡಿಗಳಲ್ಲಿಯೂ ಮಾರಾಟವಾಗುತ್ತವೆ. ಕನ್ನಡದ ಕೈಪಿಡಿ ಇದೆಯೇ ಎಂದು ಅಲ್ಲಿ ಕೇಳಿರಿ. ಇಲ್ಲವೆಂದರೆ ಏಕೆ ಇಲ್ಲವೆಂದು ಕೇಳಿರಿ. ಟ್ಯೂನಿಂಗಿನ ಅಂಗಡಿಯವನಿಂದ ಯಾವ ಲೆಕ್ಕವನ್ನು ಎಷ್ಟು ತಿದ್ದಿದೆ ಎಂಬುದನ್ನು ಕಾಗದದ ಮೇಲೆ ಬರೆಯಿಸಿ ಸಹಿ ಹಾಕಿಸಿಕೊಳ್ಳಿರಿ. ಕಾಲೇಜಿಗೆ ಹೋಗುವ ಮಗಳೋ ತಮ್ಮನೋ ಅದನ್ನು ನಿಮಗೆ ಓದಿ ಹೇಳಲಿ. ಬರೆದುಕೊಡಲು ಒಲ್ಲೆನೆಂದರೆ ಗಾಡಿ ತಿರುಗಿಸಿಕೊಂಡು ಮನೆಗೆ ಬನ್ನಿರಿ.

ಅಣ್ಣನ ಮಗ ಈಗ ಮೂಲ ಲೆಕ್ಕದ ಮೇಲೆಯೇ ಗಾಡಿ ನಡೆಸುತ್ತಾನೆ. ಹದಿನೈದು ದಿವಸಕ್ಕೊಮ್ಮೆ ಫಿಲ್ಟರ್ ಬಡಿದು ಧೂಳು ತೆಗೆಯುತ್ತಾನೆ. ತೆಂಗಿನಕಾಯಿಯ ಚೀಲಗಳನ್ನು ಎಣಿಸಿ ಹೇರುತ್ತಾನೆ. ಘಾಟನ್ನು ಎರಡನೆಯ ಗೇರಿನಲ್ಲಿ, ಲಾರಿಗಳ ಹಿಂದೆ, ಸಾವಕಾಶವಾಗಿ ಹತ್ತುತ್ತಾನಂತೆ. ಮೊನ್ನೆ ಕೇಳಿದೆ, "ಈಗ ಜಗ್ಗತದೇನೋ?" ಎಂದು. "ಜಗ್ಗತದ ಕಾಕಾ, ಹೊತ್ತು ಹಿಡೀತದ ಅಷ್ಟ" ಎಂದ. ಹೊತ್ತು ಹಿಡಿಯಲಿ. ಹಪ್ತೆ ಇನ್ನೂ ಎರಡು ವರ್ಷ ಇದೆ, ಗಾಡಿ ಅದಕ್ಕಿಂತ ಹೆಚ್ಚು ಬಾಳಬೇಕು.